ಪ್ರೈಮರ್ ಬೆಲೆ ಏರಿದ ಮೇಲೆ: ಮನೆಯಲ್ಲೇ ರೀಲೋಡ್ ಮಾಡಬೇಕಾ, ಕಾರ್ಖಾನೆಯ ತೋಟಾ ಕೊಳ್ಳಬೇಕಾ?

ಅಮೆರಿಕದಲ್ಲಿ ಹೊಸದಾಗಿ ಶೂಟಿಂಗ್ ರೇಂಜಿಗೆ ಬರುವ ನಮ್ಮ ಕನ್ನಡದವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ತೋಟಾ ಇಷ್ಟು ದುಬಾರಿ ಆಗಿದೆಯಲ್ಲ, ಖಾಲಿ ಕೇಸ್ (ಹೊಡೆದ ತೋಟಾದ ಹೊರಕವಚ) ಇಟ್ಟುಕೊಂಡು ಮನೆಯಲ್ಲೇ ರೀಲೋಡ್ ಮಾಡಿದರೆ, ಅಂದರೆ ಅದನ್ನೇ ಮತ್ತೆ ತುಂಬಿಸಿದರೆ, ದುಡ್ಡು ಉಳಿಯುತ್ತಾ? 2020ಕ್ಕೆ ಮೊದಲು ಇದಕ್ಕೆ ಯೋಚಿಸದೆ ಹೌದು ಅನ್ನಬಹುದಿತ್ತು. ಈಗ ಹಾಗಿಲ್ಲ. ನೀವು ಯಾವ ಕ್ಯಾಲಿಬರ್ (ತೋಟಾದ ಅಳತೆ) ಹೊಡೆಯುತ್ತೀರಿ, ವರ್ಷಕ್ಕೆ ಎಷ್ಟು ಹೊಡೆಯುತ್ತೀರಿ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ನಿಮಗೆ ಯಾವ ಬೆಲೆಗೆ ಸಿಗುತ್ತದೆ, ಈ ಮೂರೂ ಗೊತ್ತಿಲ್ಲದೆ ಉತ್ತರ ಹೇಳಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬರೀ 9ಎಂಎಂ ಪಿಸ್ತೂಲು ಹೊಡೆಯುವವರು ದುಡ್ಡು ಉಳಿಸಲು ಅಂತ ರೀಲೋಡಿಂಗಿಗೆ ಇಳಿಯಬೇಡಿ. ದೂರದ ಗುರಿಗೆ ರೈಫಲ್ ಹೊಡೆಯುವವರು, ಹಳೆಯ ಅಥವಾ ಅಪರೂಪದ ಕ್ಯಾಲಿಬರ್ ಇರುವವರು, ರಿವಾಲ್ವರ್ ಇಷ್ಟಪಡುವವರು ಇಳಿಯಿರಿ. ಆದರೆ ಪ್ರೆಸ್ (ತೋಟಾ ತುಂಬಿಸುವ ಯಂತ್ರ) ಕೊಳ್ಳುವ ಮೊದಲು ಪ್ರೈಮರ್ ಕೈಗೆ ಬರಲಿ. ಎಷ್ಟೋ ಜನ ತಿರುಗಾಮುರುಗಾ ಮಾಡಿ, ಸಾವಿರ ಡಾಲರ್ ಯಂತ್ರ ತಂದು ಗ್ಯಾರೇಜಿನಲ್ಲಿ ಕೂರಿಸಿ, ಆಮೇಲೆ ಪ್ರೈಮರಿಗೆ ಅಲೆಯುತ್ತಾರೆ.

ಮೊದಲು ವೀಸಾ ನೋಡಿಕೊಳ್ಳಿ

ಬೆಲೆಯ ಮಾತಿಗೂ ಮೊದಲು ಇದು. ಎಚ್‌1ಬಿ, ಎಚ್‌4, ಎಲ್‌1, ಎಫ್‌1, ಇಂಥ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅಂಶ ಇದೆ. ಫೆಡರಲ್ ಕಾನೂನಿನ ಲೆಕ್ಕದಲ್ಲಿ ತುಂಬಿದ ತೋಟಾ ಮಾತ್ರ ಅಮ್ಯುನಿಷನ್ ಅಲ್ಲ. ಖಾಲಿ ಕೇಸ್, ಪ್ರೈಮರ್, ಗುಂಡು, ಮದ್ದು, ಇವು ಬಿಡಿಬಿಡಿಯಾಗಿ ಇದ್ದರೂ ಅಮ್ಯುನಿಷನ್ನೇ. ಹಾಗಾಗಿ "ನಾನು ಬಂದೂಕು ಕೊಂಡಿಲ್ಲ, ಬರೀ ಸಾಮಾನು ಸೇರಿಸಿಟ್ಟಿದ್ದೇನೆ" ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಸಣ್ಣ ತಪ್ಪಿಗೆ ಗ್ರೀನ್ ಕಾರ್ಡಿನ ಕನಸೇ ಹಾಳಾಗಬಹುದು. ಸಂದೇಹ ಇದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ, ರೇಂಜಿನಲ್ಲಿ ಸಿಕ್ಕವರ ಮಾತು ನಂಬಬೇಡಿ.

ರಾಜ್ಯದ ಕಾನೂನು ಬೇರೆ ಇರುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಪ್ರೈಮರ್ ಕೊಳ್ಳಲೂ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ತೋಟಾದ ಮೇಲೆ ಮಾಮೂಲಿ ತೆರಿಗೆಯ ಜೊತೆಗೆ 11% ಹೆಚ್ಚುವರಿ ತೆರಿಗೆ ಇದೆ. ನಿಮ್ಮ ಬೆಲೆಯ ಲೆಕ್ಕ ಟೆಕ್ಸಸ್‌ನ ಗೆಳೆಯರ ಲೆಕ್ಕದ ಹಾಗೆ ಬರದಿದ್ದರೆ ಆಶ್ಚರ್ಯ ಬೇಡ.

ಬೆಲೆ ಏರಿದ್ದು ಯಾಕೆ, ಇಳಿಯದೆ ಇರುವುದು ಯಾಕೆ

ಒಂದು ತೋಟಾಕ್ಕೆ ನಾಲ್ಕು ವಸ್ತು ಬೇಕು. ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕೊಡಗು, ಮಲೆನಾಡಿನ ಕಡೆ ಕೇಪಿನ ಕೋವಿ ನೋಡಿ ಬೆಳೆದವರಿಗೆ ಇದು ವಿವರಿಸಬೇಕಾಗಿಲ್ಲ. ಅಲ್ಲಿನ ಕೇಪಿನ ಕೆಲಸವನ್ನೇ ಇಲ್ಲಿ ಪ್ರೈಮರ್ ಮಾಡುತ್ತದೆ. ಈ ನಾಲ್ಕರಲ್ಲಿ ಕೇಸನ್ನು ಮತ್ತೆ ಮತ್ತೆ ಬಳಸಬಹುದು. ಗುಂಡನ್ನು ಬೇಕಿದ್ದರೆ ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ಯಬಹುದು. ಪ್ರೈಮರ್ ಮತ್ತು ಮದ್ದನ್ನು ಮಾತ್ರ ಕೊಂಡೇ ತೀರಬೇಕು. ಪೆಟ್ಟು ಬಿದ್ದಿರುವುದೂ ಅಲ್ಲೇ.

2020ರ ಆರಂಭದಲ್ಲಿ ಸಾವಿರ ಪ್ರೈಮರ್ ಸುಮಾರು 30 ಡಾಲರಿಗೆ ಸಿಗುತ್ತಿತ್ತು. ಒಂದಕ್ಕೆ 3 ಸೆಂಟ್. ಆ ವರ್ಷ ಕೋವಿಡ್ ಬಂತು, ಬೀದಿಗಳಲ್ಲಿ ಗಲಭೆ ಆಯಿತು, ಚುನಾವಣೆಯೂ ಇತ್ತು. ಎಫ್‌ಬಿಐ ಬಂದೂಕು ಕೊಳ್ಳುವವರಿಗೆ ಮಾಡುವ ಹಿನ್ನೆಲೆ ತಪಾಸಣೆಗಳ ಸಂಖ್ಯೆ 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ ಸುಮಾರು 3.97 ಕೋಟಿಗೆ ಹೋಯಿತು. ಹೊಸ ಬಂದೂಕು ಬಂದ ಮನೆಗೆಲ್ಲ ತೋಟಾ ಬೇಕಲ್ವಾ? ಅದೇ ಹೊತ್ತಿಗೆ ಬಂದೂಕು, ತೋಟಾ ಮಾಡುವ ರೆಮಿಂಗ್ಟನ್ ಕಂಪನಿ ದಿವಾಳಿ ಆಗಿ ಕೋರ್ಟಿನಲ್ಲಿತ್ತು. ಅರ್ಕಾನ್ಸಾದ ಲೋನೋಕ್‌ನಲ್ಲಿರುವ ಅದರ ಕಾರ್ಖಾನೆ ಕೈ ಬದಲಾಗಬೇಕಾಯಿತು. 2021ರಲ್ಲಿ ಜನ ಒಬ್ಬರಿಂದ ಒಬ್ಬರು ಸಾವಿರ ಪ್ರೈಮರನ್ನು 150, 200 ಡಾಲರ್ ಕೊಟ್ಟು ಕೊಂಡರು.

ಬೇಡಿಕೆ ತಣ್ಣಗಾದ ಮೇಲೂ ಬೆಲೆ ಹಿಂದಿನ ಜಾಗಕ್ಕೆ ಬರಲಿಲ್ಲ. 2025ರಲ್ಲಿ ಸಾವಿರಕ್ಕೆ ಸುಮಾರು 65ರಿಂದ 90 ಡಾಲರ್ ಇತ್ತು. ಇದಕ್ಕೆ ಕಾರಣ ಅರ್ಥ ಮಾಡಿಕೊಳ್ಳುವುದು ಮುಖ್ಯ. ಅಮೆರಿಕದಲ್ಲಿ ಪ್ರೈಮರ್ ಮಾಡುವ ದೊಡ್ಡ ಹೆಸರುಗಳು ನಾಲ್ಕೇ: ಸಿಸಿಐ, ಫೆಡರಲ್, ರೆಮಿಂಗ್ಟನ್, ವಿಂಚೆಸ್ಟರ್. ಇದರಲ್ಲಿ ಮೊದಲ ಮೂರೂ ಒಂದೇ ಮಾಲೀಕರ ಕೈಯಲ್ಲಿವೆ. ವಿಸ್ಟಾ ಔಟ್‌ಡೋರ್ ಕಂಪನಿಯ ಹತ್ತಿರ ಇದ್ದ ಅವನ್ನು 2024ರ ನವೆಂಬರಿನಲ್ಲಿ ಜೆಕ್ ದೇಶದ ಚೆಕೊಸ್ಲೊವಾಕ್ ಗ್ರೂಪ್ ಕೊಂಡಿತು. ಈ ಎಲ್ಲ ಕಂಪನಿಗಳೂ ಸಿದ್ಧ ತೋಟಾವನ್ನೂ ಮಾಡುತ್ತವೆ. ತಮ್ಮ ಪ್ರೈಮರನ್ನು ಮೊದಲು ತಮ್ಮದೇ ತೋಟಾಕ್ಕೆ ಹಾಕಿಕೊಳ್ಳುತ್ತವೆ, ಉಳಿದದ್ದು ಅಂಗಡಿಗೆ ಬರುತ್ತದೆ. ಹೊರಗಿನಿಂದ ಜೆಕ್ ದೇಶದ ಸೆಲಿಯರ್ ಅಂಡ್ ಬೆಲೊ, ಇಟಲಿಯ ಫಿಯೋಕಿ, ಬೋಸ್ನಿಯಾದ ಜಿನೆಕ್ಸ್ ಬಂದದ್ದರಿಂದ ಸ್ವಲ್ಪ ಉಸಿರಾಡುವ ಹಾಗಾಯಿತು. ರಷ್ಯಾದಿಂದ ಬರುತ್ತಿದ್ದ ಅಗ್ಗದ ಸಿದ್ಧ ತೋಟಾಕ್ಕೆ 2021ರ ಸೆಪ್ಟೆಂಬರಿನಿಂದ ಹೊಸ ಆಮದು ಪರವಾನಗಿ ನಿಂತಿತು. ಅಗ್ಗದ ಉಕ್ಕಿನ ಕೇಸಿನ ತೋಟಾ ಹೊಡೆಯುತ್ತಿದ್ದವರೂ ಹಿತ್ತಾಳೆಯ ಕಡೆ ತಿರುಗಿದರು.

ಮದ್ದಿನ ಕಥೆ ಬೇರೆ. ಹೊಗೆಯಿಲ್ಲದ ಮದ್ದಿಗೆ ನೈಟ್ರೋಸೆಲ್ಯುಲೋಸ್ ಬೇಕು, ಅದಕ್ಕೆ ಹತ್ತಿಯ ನಾರು ಬೇಕು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಯುರೋಪು, ಅಮೆರಿಕದ ಸೈನ್ಯಗಳಿಗೆ ಲಕ್ಷಗಟ್ಟಲೆ 155 ಎಂಎಂ ಫಿರಂಗಿ ಶೆಲ್ ಬೇಕಾಯಿತು. ಅವುಗಳ ಮದ್ದಿಗೂ ಇದೇ ಕಚ್ಚಾ ಸಾಮಾನು. ವಿಸ್ಟಾ ಕಂಪನಿ ಜಾಗತಿಕ ಮದ್ದಿನ ಕೊರತೆಯ ಕಾರಣ ಕೊಟ್ಟು 2024ರ ಆರಂಭದಿಂದ ಬೆಲೆ ಏರಿಸಿತು. ಒಂದು ಕಾಲಕ್ಕೆ 25 ಡಾಲರಿಗೆ ಸಿಗುತ್ತಿದ್ದ ಒಂದು ಪೌಂಡ್ ಡಬ್ಬಿ 2025ರಲ್ಲಿ 40ರಿಂದ 60 ಡಾಲರ್ ಆಗಿತ್ತು. ರೈಫಲ್ ಮದ್ದುಗಳಲ್ಲಿ ಎಲ್ಲರೂ ಬಯಸುವ ವಾರ್ಗೆಟ್, ಎಚ್4350 ಎರಡೂ ಆಸ್ಟ್ರೇಲಿಯಾದ ಮುಲ್ವಾಲಾ ಕಾರ್ಖಾನೆಯಿಂದ ಹಡಗಿನಲ್ಲಿ ಬರುತ್ತವೆ. ಅದಕ್ಕೇ ಅವು ಬಂದ ದಿನವೇ ಖಾಲಿ.

ಇದರ ಮೇಲೆ 2025ರ ಆಗಸ್ಟ್ 1ರಿಂದ ಅರೆಸಿದ್ಧ ತಾಮ್ರದ ಸರಕಿನ ಆಮದಿಗೆ 50% ಸುಂಕ ಬಿತ್ತು. ಕೇಸಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಗುಂಡಿನ ಹೊರಕವಚವೂ ತಾಮ್ರದ್ದೇ. ಆದ್ದರಿಂದ ಹಳೆಯ ಬೆಲೆ ಬರಲಿ ಅಂತ ಕಾದು ಕೂರಬೇಡಿ. 30 ಡಾಲರಿನ ಪ್ರೈಮರ್ ಮತ್ತೆ ಬರುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಕ್ಯಾಲಿಬರ್ ಪ್ರಕಾರ ಲೆಕ್ಕ

ಕೆಳಗಿನ ಬೆಲೆಗಳು 2025ರ ಅಂದಾಜು, ತೆರಿಗೆ ಸೇರಿಲ್ಲ. ಒಂದು ಪೌಂಡ್ ಮದ್ದಿನಲ್ಲಿ ಎಷ್ಟು ತೋಟಾ ಆಗುತ್ತದೆ ಅಂತ ಹೇಳಿರುವುದು ದುಡ್ಡಿನ ಲೆಕ್ಕಕ್ಕೆ ಮಾತ್ರ. ಎಷ್ಟು ಮದ್ದು ಹಾಕಬೇಕು ಅನ್ನುವುದನ್ನು ಮದ್ದಿನ ಕಂಪನಿಯ ಮ್ಯಾನ್ಯುಯಲ್ ನೋಡಿಯೇ ತೀರ್ಮಾನ ಮಾಡಬೇಕು.

9ಎಂಎಂನಿಂದ ಶುರು ಮಾಡೋಣ. ಕೇಸ್ ರೇಂಜಿನಲ್ಲಿ ಹೆಕ್ಕಿದ್ದು, ಬಿಟ್ಟಿ. ಪ್ರೈಮರ್ 8 ಸೆಂಟ್. ಪಿಸ್ತೂಲಿಗೆ ಮದ್ದು ಬಹಳ ಕಡಿಮೆ ಸಾಕು, ಒಂದು ಪೌಂಡಿಗೆ ಸುಮಾರು 1,400 ತೋಟಾ ಆಗುತ್ತದೆ. ಅಂದರೆ ಒಂದಕ್ಕೆ 3 ಸೆಂಟ್. ಗುಂಡು 9ರಿಂದ 11 ಸೆಂಟ್. ಒಟ್ಟು 20ರಿಂದ 22 ಸೆಂಟ್. ಕಾರ್ಖಾನೆಯ 9ಎಂಎಂ ಸಾವಿರದ ಪೆಟ್ಟಿಗೆಯಲ್ಲಿ ಕೊಂಡರೆ 22ರಿಂದ 26 ಸೆಂಟ್. ಸಾವಿರಕ್ಕೆ 30, 40 ಡಾಲರ್ ಉಳಿದರೆ ಹೆಚ್ಚು. ಕೇಸ್ ತೊಳೆಯುವುದು, ಆರಿಸುವುದು, ಪ್ರೆಸ್ ಮುಂದೆ ನಿಲ್ಲುವುದು ಎಲ್ಲ ಸೇರಿ ಒಂದು ಶನಿವಾರ ಹೋಗುತ್ತದೆ. ಸ್ಪರ್ಧೆಗೆ ಹೋಗುವವರು ತಮಗೆ ಬೇಕಾದ ಹಾಗೆ ಮೆದುವಾದ ಒದೆತದ ತೋಟಾ ಮಾಡಿಕೊಳ್ಳುತ್ತಾರೆ, ಅದು ಸರಿಯಾದ ಕಾರಣ. ಉಳಿತಾಯ ಮಾತ್ರ ಕಾರಣ ಆಗಲಾರದು.

ರೈಫಲ್ಲಿನ .223ರಲ್ಲಿ ಎರಡು ಮುಖ ಇವೆ. ಮಾಮೂಲಿ ಅಭ್ಯಾಸದ ತೋಟಾ ಮನೆಯಲ್ಲಿ ಮಾಡಿದರೆ ಪ್ರೈಮರ್ 8, ಮದ್ದು 16 (ಪೌಂಡಿಗೆ ಸುಮಾರು 280 ತೋಟಾ), ಗುಂಡು 12, ಒಟ್ಟು 36 ಸೆಂಟ್. ಕಾರ್ಖಾನೆಯದ್ದು 40ರಿಂದ 50. ಉಳಿತಾಯ ಇದೆ, ಆದರೆ ರೈಫಲ್ ಕೇಸಿಗೆ ಎಣ್ಣೆ ಹಚ್ಚಬೇಕು, ಉದ್ದ ಕತ್ತರಿಸಬೇಕು, ಮಿಲಿಟರಿ ಕೇಸಾದರೆ ಪ್ರೈಮರ್ ಕೂರುವ ಕುಳಿಯ ಅಂಚನ್ನೂ ಸರಿಮಾಡಬೇಕು. ಅಷ್ಟು ಕೆಲಸಕ್ಕೆ ಅದು ಸಾಲುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಆದರೆ 77 ಗ್ರೇನ್ (ಗುಂಡಿನ ತೂಕದ ಅಳತೆ) ಮ್ಯಾಚ್ ಗುಂಡಿನ, ಅಂದರೆ ಸ್ಪರ್ಧೆಗೆಂದು ನಿಖರವಾಗಿ ಮಾಡಿದ ಗುಂಡಿನ, ತೋಟಾ ಬೇಕಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಮನೆಯಲ್ಲಿ 55ರಿಂದ 60 ಸೆಂಟ್, ಕಾರ್ಖಾನೆಯದ್ದು ಒಂದು ಡಾಲರಿಗೂ ಜಾಸ್ತಿ.

ದೂರದ ಗುರಿಯ ರೈಫಲ್ಲುಗಳಿಗೆ ಹಾಕುವ 6.5 ಕ್ರೀಡ್ಮೂರ್ ಮತ್ತು .308 ಮ್ಯಾಚ್ ತೋಟಾಗಳಲ್ಲಿ ರೀಲೋಡಿಂಗ್ ಈಗಲೂ ಗೆಲ್ಲುತ್ತದೆ. ಪ್ರೈಮರ್ 9 ಸೆಂಟ್, ಮದ್ದು 30 (ಪೌಂಡಿಗೆ ಸುಮಾರು 165 ತೋಟಾ), ಒಳ್ಳೆಯ ಮ್ಯಾಚ್ ಗುಂಡು 45ರಿಂದ 50. ಒಳ್ಳೆಯ ಕೇಸಿಗೆ ಒಂದು ಡಾಲರಿಗಿಂತ ಸ್ವಲ್ಪ ಜಾಸ್ತಿ, ಅದನ್ನು ಹತ್ತು ಸಲ ತುಂಬಿಸಿದರೆ ಸಲಕ್ಕೆ 12 ಸೆಂಟ್. ಎಲ್ಲ ಸೇರಿ ಒಂದು ಡಾಲರ್ ಆಸುಪಾಸು. ಕಾರ್ಖಾನೆಯ ಮ್ಯಾಚ್ ತೋಟಾ 1.70ರಿಂದ 2 ಡಾಲರ್ ದಾಟುತ್ತದೆ. ಐನೂರು, ಆರುನೂರು ಡಾಲರಿನ ಸಲಕರಣೆ ಹೆಚ್ಚೆಂದರೆ 900 ತೋಟಾ ಒಳಗೆ ತನ್ನ ದುಡ್ಡು ವಾಪಸ್ ಕೊಡುತ್ತದೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ನಿಮ್ಮ ರೈಫಲ್ಲಿನ ಬ್ಯಾರಲ್‌ಗೆ ಯಾವುದು ಹೊಂದುತ್ತದೋ ಅದನ್ನೇ ಮಾಡಿಕೊಳ್ಳಬಹುದು. ಪ್ರತಿ ತೋಟಾದ ಮದ್ದನ್ನೂ ಒಂದೇ ತೂಕಕ್ಕೆ ತರಬಹುದು. 600 ಗಜದ ಗುರಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ರಿವಾಲ್ವರ್ ಇರುವವರು ಅದೃಷ್ಟವಂತರು. .38 ಸ್ಪೆಷಲ್ ಅಂಗಡಿಯಲ್ಲಿ 40 ಸೆಂಟಿನ ಮೇಲೆ. ಬಣ್ಣದ ಲೇಪದ ಸೀಸದ ಗುಂಡು ಹಾಕಿ ಮನೆಯಲ್ಲಿ ಮಾಡಿದರೆ 21, 22 ಸೆಂಟ್. ಕೇಸ್ ಮೇಲೆ ಒತ್ತಡ ಕಡಿಮೆ, ವರ್ಷಗಟ್ಟಲೆ ಬಾಳುತ್ತದೆ. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ಕ್ಯಾಲಿಬರ್ ಇಲ್ಲ. .44 ಮ್ಯಾಗ್ನಮ್, .45-70 ಥರದ ದೊಡ್ಡ ಕ್ಯಾಲಿಬರ್ ಇದ್ದರಂತೂ ಎರಡನೇ ಯೋಚನೆ ಬೇಡ.

12 ಗೇಜ್, ಅಂದರೆ ಊರಲ್ಲಿ 12 ಬೋರ್ ಅನ್ನುತ್ತೇವಲ್ಲ, ಅದರ ಕ್ಲೇ ಟಾರ್ಗೆಟ್ (ಹಾರುವ ಮಣ್ಣಿನ ಬಿಲ್ಲೆ) ತೋಟಾಕ್ಕೆ ರೀಲೋಡಿಂಗ್ ಈಗ ಬೇಡ. ಚರೆಯ 25 ಪೌಂಡ್ ಚೀಲವೇ 50 ಡಾಲರ್ ಮೇಲಿದೆ. ಎಲ್ಲ ಸೇರಿಸಿದರೆ 25ರ ಪೆಟ್ಟಿಗೆಗೆ 8 ಡಾಲರ್ ಬೀಳುತ್ತದೆ, ಅಂಗಡಿಯಲ್ಲಿ ಹುಡುಕಿದರೆ 9, 10ಕ್ಕೆ ಸಿಕ್ಕುತ್ತದೆ. ಉಳಿಯುವ ಒಂದೆರಡು ಡಾಲರ್ ಅಷ್ಟು ಕೆಲಸಕ್ಕೆ ಸಾಲದು. 28 ಗೇಜ್, .410 ಹೊಡೆಯುವವರ ಮಾತು ಬೇರೆ. ಅವರಿಗೆ ಈಗಲೂ ಉಳಿಯುತ್ತದೆ, ಏಕೆಂದರೆ ಅಂಗಡಿಯಲ್ಲಿ ಆ ಸಣ್ಣ ತೋಟಾಗಳೇ ಹೆಚ್ಚು ದುಬಾರಿ.

ಮೂರನೇ ದಾರಿ

ಇವೆರಡೂ ಬೇಡ ಅನ್ನಿಸಿದರೆ .22 ಎಲ್‌ಆರ್ ಇದೆ. ಈ ರಿಮ್‌ಫೈರ್ ತೋಟಾವನ್ನು ರೀಲೋಡ್ ಮಾಡುವ ಪ್ರಶ್ನೆಯೇ ಇಲ್ಲ, ಪ್ರೈಮರ್ ಬೇರೆಯಾಗಿ ಇರುವುದಿಲ್ಲ. ಆದರೆ ಒಂದಕ್ಕೆ 6ರಿಂದ 10 ಸೆಂಟ್. ಗುರಿ ಹಿಡಿಯುವುದು, ಟ್ರಿಗರ್ ಎಳೆಯುವುದು, ಉಸಿರಿನ ಹದ, ಎಲ್ಲವನ್ನೂ ಇದರಲ್ಲಿ ಕಲಿಯಬಹುದು. ತಿಂಗಳಿಗೆ 300 ಸಲ 9ಎಂಎಂ ಹೊಡೆಯುವವರು 200ನ್ನು .22ಗೆ ಬದಲಾಯಿಸಿದರೆ ತಿಂಗಳಿಗೆ 30 ಡಾಲರ್ ಉಳಿಯುತ್ತದೆ. ಯಂತ್ರ ಬೇಡ, ಜಾಗ ಬೇಡ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಇದನ್ನೇ ಹೇಳುವುದು. ಆದರೆ ಒಂದು ಎಚ್ಚರಿಕೆ. 2012ರ ಡಿಸೆಂಬರಿನ ಸ್ಯಾಂಡಿ ಹುಕ್ ಶಾಲೆಯ ದುರಂತದ ನಂತರ ಬಂದೂಕಿನ ಕಾನೂನು ಬಿಗಿಯಾಗುತ್ತದೆ ಅಂತ ಜನ ಎಲ್ಲವನ್ನೂ ಬಾಚಿಕೊಂಡಾಗ, ಅಂಗಡಿಯಲ್ಲಿ ವರ್ಷಗಳ ಕಾಲ ಸಿಗದೇ ಹೋದದ್ದು ಈ .22. ಅಗ್ಗ ಇರುವಾಗ ಒಂದೆರಡು ಇಟ್ಟಿಗೆ, ಅಂದರೆ 500ರ ಪೊಟ್ಟಣ, ಇಟ್ಟುಕೊಂಡಿರುವುದು ಒಳ್ಳೆಯದು.

ಏರ್ ರೈಫಲ್ ಇನ್ನೂ ಅಗ್ಗ, ಪೆಲೆಟ್ ಒಂದಕ್ಕೆ 2ರಿಂದ 4 ಸೆಂಟ್. ಫೆಡರಲ್ ಕಾನೂನಿನಲ್ಲಿ ಇದು ಬಂದೂಕು ಅಲ್ಲ. ಹಾಗಾಗಿ ಎಚ್‌1ಬಿಯವರಿಗೂ ಸಾಮಾನ್ಯವಾಗಿ ಅಡ್ಡಿ ಇಲ್ಲ. ನ್ಯೂಜೆರ್ಸಿಯಂಥ ರಾಜ್ಯದಲ್ಲಿ ಇದನ್ನೂ ಬಂದೂಕೆಂದೇ ನೋಡುತ್ತಾರೆ, ಅಲ್ಲಿನವರು ವಿಚಾರಿಸಿಕೊಳ್ಳಿ. ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಚಿನ್ನ, 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದದ್ದು, 10 ಮೀಟರ್ ಏರ್ ರೈಫಲ್‌ನಲ್ಲೇ. ಮಕ್ಕಳ ಆಟ ಅಂತ ತಳ್ಳಿಹಾಕಬೇಡಿ.

ರೀಲೋಡಿಂಗಿಗೆ ಇಳಿಯುವುದಾದರೆ ಎಲ್ಲಿ ಕೊಳ್ಳುವುದು

ಆನ್‌ಲೈನ್ ಬೆಲೆ ನೋಡಿ ಮರುಳಾಗಬೇಡಿ. ಪ್ರೈಮರ್ ಮತ್ತು ಮದ್ದು ಅಪಾಯಕಾರಿ ಸರಕು. ಅದನ್ನು ಕಳಿಸಲು ಹ್ಯಾಜ್‌ಮ್ಯಾಟ್ ಅಂತ 20ರಿಂದ 50 ಡಾಲರ್ ಬೇರೆ ಶುಲ್ಕ ಹಾಕುತ್ತಾರೆ. 75 ಡಾಲರಿನ ಸಾವಿರ ಪ್ರೈಮರ್ ತರಿಸಿದಿರಿ ಅನ್ನಿ. ಹ್ಯಾಜ್‌ಮ್ಯಾಟ್ 30, ಸಾಗಾಟ 15, ಒಟ್ಟು 120. ಒಂದಕ್ಕೆ 12 ಸೆಂಟ್ ಆಯಿತು. ನಿಮ್ಮೂರ ಅಂಗಡಿಯಲ್ಲಿ 85ಕ್ಕೆ ಇದ್ದದ್ದೇ ಅಗ್ಗ. ಅದೇ 5,000 ಒಟ್ಟಿಗೆ ತರಿಸಿದರೆ 375 ಮತ್ತು 45 ಸೇರಿ 420, ಒಂದಕ್ಕೆ 8.4 ಸೆಂಟ್. ಶುಲ್ಕ ಇರುವುದು ಪೆಟ್ಟಿಗೆಗೆ, ಒಳಗಿನ ಲೆಕ್ಕಕ್ಕಲ್ಲ. ಮದ್ದನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿಸಿದರೆ ಇನ್ನೂ ಒಳ್ಳೆಯದು. ಹಾಗಾಗಿ ನನ್ನ ಸಲಹೆ ಇದು: ಸಣ್ಣ ಪ್ರಮಾಣಕ್ಕೆ ಹತ್ತಿರದ ಅಂಗಡಿ, ವರ್ಷದ ಸಾಮಾನಿಗೆ ಆನ್‌ಲೈನ್. ಕಂಪನಿಗಳು ಆಗಾಗ ಹ್ಯಾಜ್‌ಮ್ಯಾಟ್ ಮನ್ನಾ ಮಾಡುತ್ತವೆ, ಆ ದಿನಕ್ಕೆ ಕಾದರೆ ನಿಜವಾದ ಉಳಿತಾಯ.

ಗನ್ ಶೋಗಳಲ್ಲಿ ಬಾಯಿ ತೆರೆದ ಡಬ್ಬಿಯ ಮದ್ದು ಅಗ್ಗಕ್ಕೆ ಸಿಗುತ್ತದೆ. ಬಿಟ್ಟಿ ಕೊಟ್ಟರೂ ತರಬೇಡಿ. ಮದ್ದನ್ನು ನೋಡಿ, ಮೂಸಿ ಯಾವುದು ಅಂತ ಯಾರೂ ಹೇಳಲಾರರು. ಒಂದರ ಬದಲು ಇನ್ನೊಂದು ಬಿದ್ದರೆ ಬಂದೂಕು ಕೈಯಲ್ಲೇ ಒಡೆಯುತ್ತದೆ.

ಯಾವ ಮದ್ದು ಅನ್ನುವ ವಿಷಯದಲ್ಲಿ ಹೊಸಬರು ಹಟ ಬಿಡಬೇಕು. ಎಲ್ಲರೂ ಹೊಗಳುವ ವಾರ್ಗೆಟ್ಟೇ ಬೇಕು ಅಂತ ಕೂತರೆ ಪ್ರೆಸ್ ಧೂಳು ಹಿಡಿಯುತ್ತದೆ. ಮೊದಲು ಮ್ಯಾನ್ಯುಯಲ್ ತೆಗೆದು ನಿಮ್ಮ ಕ್ಯಾಲಿಬರಿಗೆ, ನಿಮ್ಮ ಗುಂಡಿನ ತೂಕಕ್ಕೆ ಹೊಂದುವ ನಾಲ್ಕೈದು ಮದ್ದಿನ ಹೆಸರು ಬರೆದುಕೊಳ್ಳಿ. ಆಮೇಲೆ ಅದರಲ್ಲಿ ಯಾವುದು ಸಿಗುತ್ತದೆ ನೋಡಿ. ಫ್ಲೋರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆಯ ಉಂಡೆ ಮದ್ದುಗಳು (ಸಣ್ಣ ದುಂಡು ಕಣದ ಮದ್ದು), ಬೆಲ್ಜಿಯಮ್‌ನಿಂದ ಬರುವ ರಾಮ್‌ಶಾಟ್ ಟ್ಯಾಕ್, ಇವು ಕೆಲವೊಮ್ಮೆ ಆಸ್ಟ್ರೇಲಿಯಾದ ಮದ್ದಿಗಿಂತ ಸುಲಭವಾಗಿ ಸಿಗಬಹುದು. ಉಂಡೆ ಮದ್ದು ಅಳತೆ ಯಂತ್ರದಲ್ಲಿ ಸಲೀಸಾಗಿ ಇಳಿಯುತ್ತದೆ, ಪ್ರತಿ ಸಲವೂ ಒಂದೇ ಅಳತೆ ಬರುತ್ತದೆ. ಕೊರತೆ ಏನೆಂದರೆ ಬಿಸಿಲು, ಚಳಿಗೆ ಕೆಲವು ಉಂಡೆ ಮದ್ದುಗಳ ವೇಗ ಜಾಸ್ತಿ ಏರುಪೇರಾಗುತ್ತದೆ. ಅರಿಜೋನಾದ ಬೇಸಿಗೆಯಲ್ಲಿ ಹೊಡೆಯುವವರು ಇದನ್ನು ನೆನಪಿಡಬೇಕು. ಒಂದು ಮದ್ದು ಹಿಡಿಸಿದ ಮೇಲೆ 8 ಪೌಂಡ್ ಡಬ್ಬಿ ಕೊಳ್ಳಿ, ಪೌಂಡಿನ ಬೆಲೆ ಕಡಿಮೆ ಬೀಳುತ್ತದೆ. ಅಷ್ಟೇ ಅಲ್ಲ, ಡಬ್ಬಿ ತುಂಬ ಒಂದೇ ಲಾಟ್, ಅಂದರೆ ಒಂದೇ ಸಲ ತಯಾರಾದ ಮದ್ದು, ಇರುತ್ತದೆ.

ಪ್ರೈಮರಿನಲ್ಲಿ ಬ್ರ್ಯಾಂಡ್ ಮೋಹ ಇನ್ನೂ ಕಡಿಮೆ ಇರಲಿ. ಸೆಲಿಯರ್ ಅಂಡ್ ಬೆಲೊ, ಜಿನೆಕ್ಸ್ ಸಿಕ್ಕರೆ ಮಾಮೂಲಿ ಅಭ್ಯಾಸಕ್ಕೆ ತೆಗೆದುಕೊಳ್ಳಿ. ಫೆಡರಲ್ ಪ್ರೈಮರಿನ ತಗಡು ಮೆದು, ಹಗುರ ಟ್ರಿಗರಿನ ರಿವಾಲ್ವರಿಗೆ ಅದೇ ಚೆನ್ನಾಗಿರುತ್ತದೆ. ಸಿಸಿಐ ಗಟ್ಟಿ. ಬ್ರ್ಯಾಂಡ್ ಬದಲಾಯಿಸಿದಾಗ ಮಾತ್ರ ಹಳೆಯ ಅಳತೆಯಲ್ಲೇ ಮುಂದುವರಿಯಬೇಡಿ, ಮ್ಯಾನ್ಯುಯಲ್ಲಿನ ಆರಂಭದ ಅಳತೆಗೆ ಇಳಿದು ಮತ್ತೆ ಏರಿ. ಪಿಸ್ತೂಲಿನ ಪ್ರೈಮರನ್ನು ರೈಫಲ್ ತೋಟಾಕ್ಕೆ ಹಾಕುವ ಕೊರತೆಕಾಲದ ಉಪಾಯಗಳನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ಪ್ರೆಸ್

ಇದರ ಬಗ್ಗೆ ಜನ ಜಾಸ್ತಿ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಇದು ಸುಲಭದ ಆಯ್ಕೆ. ರೈಫಲ್ ಮ್ಯಾಚ್ ತೋಟಾ ಮಾಡುವವರಿಗೆ ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಸಾಕು. ಲೀ ಕಂಪನಿಯ ಕಿಟ್ 200 ಡಾಲರ್ ಆಸುಪಾಸು, ಆರ್‌ಸಿಬಿಎಸ್ ರಾಕ್ ಚಕ್ಕರ್ ಕಿಟ್ ಅದರ ಎರಡರಷ್ಟು. ಎರಡನೆಯದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ತಿಂಗಳಿಗೆ ಇನ್ನೂರು, ಮುನ್ನೂರು ರಿವಾಲ್ವರ್ ತೋಟಾ ಸಾಕು ಅನ್ನುವವರಿಗೆ ಅಚ್ಚುಗಳನ್ನು ತಿರುಗಿಸಿ ಬದಲಾಯಿಸುವ ಟರೆಟ್ ಪ್ರೆಸ್. ವರ್ಷಕ್ಕೆ ಹತ್ತು ಸಾವಿರ ಹೊಡೆಯುವ ಸ್ಪರ್ಧಿಗಳಿಗೆ ಮಾತ್ರ ಡಿಲ್ಲನ್‌ನಂಥ ಪ್ರೊಗ್ರೆಸಿವ್. ಪ್ರೊಗ್ರೆಸಿವ್‌ನಲ್ಲಿ ಒಂದೇ ಸಲಕ್ಕೆ ನಾಲ್ಕೈದು ಕೆಲಸ ನಡೆಯುತ್ತದೆ. ಗಮನ ಸ್ವಲ್ಪ ತಪ್ಪಿದರೂ ಒಂದು ಕೇಸಿಗೆ ಎರಡು ಸಲ ಮದ್ದು ಬೀಳಬಹುದು, ಒಂದಕ್ಕೆ ಬೀಳದೆಯೂ ಇರಬಹುದು. ಎರಡೂ ಅಪಾಯ. ಕಲಿಯುವಾಗ ನಿಧಾನದ ಯಂತ್ರವೇ ಒಳ್ಳೆಯದು.

ಅಂದಹಾಗೆ, ಹಳೆಯ ಪ್ರೆಸ್ ಕೊಳ್ಳಲು ಹಿಂಜರಿಯಬೇಡಿ. ಎರಕದ ಕಬ್ಬಿಣದ ಪ್ರೆಸ್ ಸವೆಯುವುದು ಕಡಿಮೆ. ವಯಸ್ಸಾಗಿ ಹವ್ಯಾಸ ಬಿಡುವವರು ಡೈ (ಅಚ್ಚು), ತಕ್ಕಡಿ, ಕೇಸುಗಳ ಸಮೇತ ಒಳ್ಳೆಯ ಬೆಲೆಗೆ ಕೊಡುತ್ತಾರೆ. ಅವರು ತುಂಬಿಸಿಟ್ಟ ತೋಟಾ ಮಾತ್ರ ತೆಗೆದುಕೊಂಡು ಹೊಡೆಯಬೇಡಿ. ಬೇರೆಯವರು ಮಾಡಿದ ರೀಲೋಡನ್ನು ನಿಮ್ಮ ಬಂದೂಕಿಗೆ ಹಾಕಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ನೀವು ಮಾಡಿದ್ದನ್ನೂ ಮಾರಬೇಡಿ. ನಿಮಗೋಸ್ಕರ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರಲು ಬೇಕು.

ಮನೆಯಲ್ಲಿ ಇಡುವುದು, ಎಷ್ಟು ಇಡುವುದು

ಹಲವು ಕಡೆ ಅನುಸರಿಸುವ ಎನ್‌ಎಫ್‌ಪಿಎ 495 ಅಗ್ನಿ ಸುರಕ್ಷತಾ ನಿಯಮದಲ್ಲಿ ಮನೆಯಲ್ಲಿ 20 ಪೌಂಡ್‌ವರೆಗೆ ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬಹುದು. ಅದರ ಮೇಲೆ 50 ಪೌಂಡ್‌ವರೆಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಪ್ರೈಮರ್ 10,000ದವರೆಗೆ. ನಿಮ್ಮೂರ ನಿಯಮ ಇದಕ್ಕಿಂತ ಬಿಗಿ ಇರಬಹುದು, ಬಾಡಿಗೆ ಮನೆಯ ಕರಾರು ಮತ್ತು ಇನ್ಶೂರೆನ್ಸ್ ಎರಡನ್ನೂ ಓದಿ. ಪ್ರೈಮರನ್ನು ಕಂಪನಿಯ ಪೊಟ್ಟಣದಿಂದ ತೆಗೆದು ಗಾಜಿನ ಬಾಟಲಿಗೆ ಸುರಿಯುವ ಅಭ್ಯಾಸ ಕೆಲವರಿಗಿದೆ. ಅದು ಬಾಂಬಿನ ಹಾಗೆ, ಒಂದು ಸಿಡಿದರೆ ಎಲ್ಲವೂ ಸಿಡಿಯುತ್ತವೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ, ಮಗು ಇರುವ ಮನೆಯಲ್ಲಿ ಕೇಸ್ ಉಜ್ಜುವ ಯಂತ್ರವನ್ನು ಒಳಗೆ ಓಡಿಸಬೇಡಿ.

ಎಷ್ಟು ಇಟ್ಟುಕೊಳ್ಳಬೇಕು? ನೀವು ಒಂದು, ಒಂದೂವರೆ ವರ್ಷದಲ್ಲಿ ಹೊಡೆಯುವಷ್ಟು. 2013ರಲ್ಲಿ, 2020ರಲ್ಲಿ ಅಂಗಡಿ ಖಾಲಿ ಆದದ್ದು ಕಾರ್ಖಾನೆ ನಿಂತದ್ದರಿಂದ ಮಾತ್ರ ಅಲ್ಲ, ಭಯದಿಂದ ಹತ್ತು ವರ್ಷಕ್ಕಾಗುವಷ್ಟು ಕೊಂಡವರಿಂದಲೂ. ಒಂದು ವರ್ಷದ ಸಾಮಾನು ಕೈಯಲ್ಲಿ ಇರುವವರು ಕೊರತೆ ಬಂದಾಗ ಅಂಗಡಿಗೆ ಹೋಗಬೇಕಾಗಿಲ್ಲ. ಎರಡು ಪಟ್ಟು ಬೆಲೆ ಕೊಡಬೇಕಾಗಿಲ್ಲ. ಹೊಸಬರಿಗೂ ಒಂದು ಪೊಟ್ಟಣ ಉಳಿಯುತ್ತದೆ. ಚುನಾವಣೆಯ ವರ್ಷ ಬರುವ ಮೊದಲು ತುಂಬಿಸಿಕೊಳ್ಳಿ, ಚುನಾವಣೆ ಹತ್ತಿರ ಬಂದಾಗ ಕೊಳ್ಳಬೇಡಿ.

ಊರಿಗೆ ಹೊರಡುವಾಗ

ರೇಂಜಿಗೆ ಒಯ್ಯುವ ಬ್ಯಾಗ್, ಜಾಕೆಟ್, ಬ್ಯಾಕ್‌ಪ್ಯಾಕ್, ಯಾವುದನ್ನೂ ಭಾರತಕ್ಕೆ ಒಯ್ಯಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಇಟ್ಟುಕೊಂಡಿದ್ದರೂ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಕೇಸಾಗುತ್ತದೆ. ಜೇಬಿನ ಮೂಲೆಯಲ್ಲಿ ಮರೆತು ಉಳಿದ ಒಂದು ತೋಟಾದಿಂದ ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕವರಿದ್ದಾರೆ. ಬಂದ ಮದುವೆ ಕಾರ್ಯ ಬಿಟ್ಟು ಕೋರ್ಟಿಗೆ ಅಲೆಯಬೇಕಾಗುತ್ತದೆ. ಹೊಡೆದ ಖಾಲಿ ಕೇಸ್ ಸಿಕ್ಕರೂ ಗಂಟೆಗಟ್ಟಲೆ ಉತ್ತರ ಕೊಡಬೇಕಾದೀತು. ರೀಲೋಡ್ ಮಾಡುವವರಿಗೆ ಈ ಅಪಾಯ ಇನ್ನೂ ಜಾಸ್ತಿ, ಏಕೆಂದರೆ ಹೆಕ್ಕಿದ ಕೇಸ್ ಹಾಕಿಕೊಳ್ಳದ ಜೇಬೇ ಇರುವುದಿಲ್ಲ. ಊರಿಗೆ ಬೇರೆಯೇ ಸೂಟ್‌ಕೇಸ್ ಇಟ್ಟುಕೊಳ್ಳಿ, ಅದನ್ನು ಗ್ಯಾರೇಜಿನಲ್ಲಿ ಪ್ರೆಸ್ ಇರುವ ಕಡೆ ಇಡಬೇಡಿ.